ಗಿಟಾರಿನಂತೆ ಹಿಡಿದು ನುಡಿಸುವ ಪುಟ್ಟ ಡಲ್ಸಿಮರ್: ಕಲಿಯುವವರಿಗೆ ಯಾವುದು ಒಳ್ಳೆಯದು?

ಪ್ರಶ್ನೆ (ನಾಕ್ಸ್‌ವಿಲ್ ನಿವಾಸಿ)

ಎಲ್ಲರಿಗೂ ನಮಸ್ಕಾರ. ನಾನು ಟೆನೆಸ್ಸಿಯ ನಾಕ್ಸ್‌ವಿಲ್‌ನಲ್ಲಿ ಆರು ವರ್ಷಗಳಿಂದ ಇದ್ದೇನೆ. ಸ್ಮೋಕಿ ಬೆಟ್ಟಗಳ ಕಡೆಗೆ ಹೋದಾಗ ಅಲ್ಲಿನ ವಾದ್ಯದಂಗಡಿಗಳಲ್ಲಿ ಅಪಲಾಚಿಯನ್ ಡಲ್ಸಿಮರ್ ನುಡಿಸುವುದನ್ನು ಕೇಳಿದ್ದೇನೆ. ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಳ್ಳುವ ಆ ಉದ್ದನೆಯ ವಾದ್ಯದಲ್ಲಿ ಒಂದು ತಂತಿಯ ಮೇಲೆ ಹಾಡು ಸಾಗುತ್ತಿದ್ದರೆ ಉಳಿದ ತಂತಿಗಳು ತಂಬೂರಿಯ ಹಾಗೆ ಶ್ರುತಿಯನ್ನು ಹಿಡಿದಿರುತ್ತವೆ. ಕೇಳಿದ ದಿನದಿಂದಲೂ ಅದನ್ನು ಕಲಿಯಬೇಕೆಂಬ ಆಸೆ ಮನಸ್ಸಿನಿಂದ ಹೋಗಿಲ್ಲ.

ಆದರೆ ನನಗೆ ಬೇಕಾಗಿರುವುದು ಗಿಟಾರಿನಂತೆ ಎದೆಗೆ ಒರಗಿಸಿ ನುಡಿಸಬಹುದಾದ, ವರ್ಷಕ್ಕೊಮ್ಮೆ ಮೈಸೂರಿಗೆ ಹೋಗುವಾಗ ಜೊತೆಯಲ್ಲೇ ಒಯ್ಯಬಹುದಾದ ಚಿಕ್ಕ ಬಗೆ. ಮೂರು ತಂತಿಯ ಸ್ಟ್ರಮ್‌ಸ್ಟಿಕ್ ಮತ್ತು ನಾಲ್ಕು ತಂತಿಯ ಸೀಗಲ್ ಮರ್ಲಿನ್ ಎಂಬ ಎರಡು ಹೆಸರುಗಳು ಕಣ್ಣಿಗೆ ಬಿದ್ದಿವೆ. ನಾನು ಯಾವ ತಂತಿವಾದ್ಯವನ್ನೂ ನುಡಿಸಿದವಳಲ್ಲ. ಬಾಲ್ಯದಲ್ಲಿ ಗೀತೆಗಳವರೆಗೆ ಹಾಡುಗಾರಿಕೆ ಕಲಿತಿದ್ದೇನೆ, ಈಗಲೂ ಐದು ಮನೆ ಶ್ರುತಿಯಲ್ಲಿ ದೇವರನಾಮಗಳನ್ನು ಹಾಡುತ್ತೇನೆ. ನನ್ನ ಹಾಡಿಗೆ ನಾನೇ ನುಡಿಸಿಕೊಳ್ಳಲು ಇವುಗಳಲ್ಲಿ ಯಾವುದು ಹೊಂದುತ್ತದೆ?

ಉತ್ತರ 1 (ವೀಣೆಯ ವಿದ್ಯಾರ್ಥಿ)

ನಿಮ್ಮ ಪ್ರಶ್ನೆಯ ಕೊನೆಯ ವಾಕ್ಯದಲ್ಲೇ ಆಯ್ಕೆಯ ದಾರಿ ಇದೆ. ವಾದ್ಯದ ಮರವನ್ನೂ ಅಂದವನ್ನೂ ನೋಡುವ ಮೊದಲು ಅದರ ಫ್ರೆಟ್‌ಗಳನ್ನು, ಅಂದರೆ ತಂತಿಯ ಕೆಳಗಿನ ಅಡ್ಡಪಟ್ಟಿಗಳನ್ನು, ವೀಣೆಯವರು ಮೆಟ್ಟಿಲು ಎನ್ನುವುದನ್ನು, ಎಣಿಸಿ ನೋಡಬೇಕು. ವೀಣೆಯಲ್ಲಿ ಒಂದು ಸ್ಥಾಯಿಗೆ ಹನ್ನೆರಡು ಮೆಟ್ಟಿಲುಗಳಿರುತ್ತವೆ, ಗಿಟಾರಿನಲ್ಲಿಯೂ ಅಷ್ಟೇ. ಡಲ್ಸಿಮರ್‌ನಲ್ಲಿ ಇರುವುದು ಏಳು. ಹಾಗಾಗಿಯೇ ಅದರಲ್ಲಿ ಹೊಸಬರ ಬೆರಳು ಅಪಸ್ವರಕ್ಕೆ ಜಾರುವುದು ಕಡಿಮೆ, ಮತ್ತು ಹಾಗಾಗಿಯೇ ಕೆಲವು ರಾಗಗಳು ಅದರಲ್ಲಿ ಸಿಗುವುದೇ ಇಲ್ಲ.

ವಾಡಿಕೆಯಲ್ಲಿರುವ ಡಿ-ಎ-ಡಿ ಶ್ರುತಿಯು (ಪಾಶ್ಚಾತ್ಯ ಸ್ವರಗಳ ಹೆಸರಿನಲ್ಲಿ, ದಪ್ಪ ತಂತಿಯಿಂದ ತೆಳು ತಂತಿಯವರೆಗೆ) ನಮ್ಮ ಸ-ಪ-ಸ ಆಗುತ್ತದೆ. ತೆಳು ತಂತಿಯ ತೆರೆದ, ಅಂದರೆ ಬೆರಳು ಒತ್ತದ, ಸ್ವರವನ್ನು ಷಡ್ಜವೆಂದು ಹಿಡಿದು ಮೇಲೇರಿದರೆ ದೊರೆಯುವ ಸ್ವರಗಳು ಹರಿಕಾಂಭೋಜಿ ರಾಗದವು. ಈಗಿನ ಬಹುಪಾಲು ಡಲ್ಸಿಮರ್‌ಗಳಲ್ಲಿ ಆರು ಮತ್ತು ಏಳರ ನಡುವೆ ಹೆಚ್ಚಿನದೊಂದು ಫ್ರೆಟ್ ಇರುತ್ತದೆ; ಅದನ್ನು ಆರೂವರೆ ಎಂದು ಕರೆಯುತ್ತಾರೆ. ಅದರಿಂದ ಎತ್ತರದ ನಿಷಾದವಾದ ಕಾಕಲಿ ನಿಷಾದ ದೊರೆತು ಶಂಕರಾಭರಣ ರಾಗವೂ ಸಾಧ್ಯವಾಗುತ್ತದೆ. ಅಂಗಡಿಯಲ್ಲಿ ತಲೆಯ ಕಡೆಯಿಂದ ತಂತಿಯ ಸರಿಯರ್ಧದವರೆಗೆ ಎಣಿಸಿ: ಎಂಟು ಫ್ರೆಟ್‌ಗಳಿದ್ದರೆ ಎರಡೂ ನಿಷಾದಗಳಿವೆ, ಏಳೇ ಇದ್ದರೆ ಒಂದು ಮಾತ್ರ. ನನ್ನ ಮಟ್ಟಿಗೆ ಎಂಟು ಇಲ್ಲದ ವಾದ್ಯವನ್ನು ಕೊಳ್ಳಬಾರದು.

ನೀವು ಹೆಸರಿಸಿದ ಎರಡರ ಶ್ರುತಿಯೂ ಬೇರೆ ಬೇರೆ. ಬಾಬ್ ಮೆಕ್‌ನಾಲಿ 1980ರ ದಶಕದಲ್ಲಿ ರೂಪಿಸಿದ ಸ್ಟ್ರಮ್‌ಸ್ಟಿಕ್‌ನ ಸಾಮಾನ್ಯ ಮಾದರಿ ಜಿ-ಡಿ-ಜಿ ಶ್ರುತಿಯದು. ಜಿ ಎಂದರೆ ನಿಮ್ಮ ಐದು ಮನೆಯೇ ಆದ್ದರಿಂದ ತೆರೆದ ತಂತಿಗಳನ್ನು ಮೀಟಿದ ಕೂಡಲೇ ಹಾಡಲು ತೊಡಗಬಹುದು. ತೊಡಕು ಎಲ್ಲಿದೆಯೆಂದರೆ, ದೇವರನಾಮಗಳು ಎಷ್ಟೋ ಕಡೆ ಷಡ್ಜದಿಂದ ಕೆಳಗಿಳಿದು ಮಂದ್ರದ ನಿಷಾದ, ಧೈವತ, ಪಂಚಮಗಳನ್ನು ಮುಟ್ಟಿ ಬರುತ್ತವೆ. ತೆರೆದ ತಂತಿಯೇ ಷಡ್ಜವಾಗಿದ್ದಾಗ ಅದಕ್ಕಿಂತ ಕೆಳಗೆ ಜಾಗವಿರುವುದಿಲ್ಲ. ಪ್ರತಿ ಸಲವೂ ನಡುವಿನ ತಂತಿಗೆ ಬೆರಳನ್ನು ಸರಿಸಬೇಕಾಗುತ್ತದೆ.

ಕೆನಡಾದ ಗೋಡಿನ್ ಸಂಸ್ಥೆಯ ಸೀಗಲ್ ಮರ್ಲಿನ್ ಡಿ-ಎ-ಡಿಡಿ ಶ್ರುತಿಯಲ್ಲಿ ಬರುತ್ತದೆ. ಕೊನೆಯ ಎರಡು ತಂತಿಗಳು ಜೋಡಿಯಾಗಿರುತ್ತವೆ. ಅದರ ನಡುವಿನ ತಂತಿಯನ್ನು ಎ ಇಂದ ಜಿ ಗೆ ಇಳಿಸಿಕೊಳ್ಳಿ. ತಂತಿ ಸಡಿಲವಾಗುವುದರಿಂದ ಕಡಿಯುವ ಭಯವಿಲ್ಲ. ಆಗ ಮೂರು ಸಾಲುಗಳು ಪ-ಸ-ಪ ಆಗುತ್ತವೆ, ನಿಮ್ಮ ಷಡ್ಜ ತೆಳು ತಂತಿಗಳ ಮೂರನೆಯ ಫ್ರೆಟ್‌ಗೆ ಬರುತ್ತದೆ, ಅದರ ಕೆಳಗೆ ನಿ, ಧ, ಪ ಮೂರೂ ಅದೇ ಸಾಲಿನಲ್ಲಿ ಉಳಿಯುತ್ತವೆ. ಆರೂವರೆಯನ್ನು ಬಿಟ್ಟು ಎಣಿಸಿದರೆ ಮೋಹನ ರಾಗವು ಫ್ರೆಟ್ 3, 4, 5, 7, 8, 10ರಲ್ಲಿ, ಹಂಸಧ್ವನಿಯು 3, 4, 5, 7, 9, 10ರಲ್ಲಿ ಸಿಗುತ್ತದೆ. ಆರೂವರೆಯ ಫ್ರೆಟ್ ಇದ್ದರೆ ಇಲ್ಲಿ ಅದು ಪ್ರತಿಮಧ್ಯಮವಾಗಿ ಕಲ್ಯಾಣಿಯ ಸ್ವರಗಳನ್ನು ಕೊಡುತ್ತದೆ. ಷಡ್ಜವನ್ನು ಸರಿಸಿದಂತೆ ರಾಗ ಬದಲಾಗುವ ಗ್ರಹಭೇದವನ್ನು ಪಾಠದಲ್ಲಿ ಕೇಳಿದ್ದೆ. ಅದು ಬೆರಳಿಗೆ ಸಿಕ್ಕಿದ್ದು ಈ ವಾದ್ಯದಲ್ಲಿ.

ಒಂದು ಮಾತು ಮೊದಲೇ ತಿಳಿದಿರಲಿ. ಸರಳೆ, ಜಂಟಿ ವರಸೆಗಳನ್ನು ನೀವು ಕಲಿತ ಮಾಯಾಮಾಳವಗೌಳವನ್ನು ಇದರಲ್ಲಿ ಯಾವ ಷಡ್ಜದಿಂದ ತೊಡಗಿದರೂ ನುಡಿಸಲು ಆಗುವುದಿಲ್ಲ. ಅಭ್ಯಾಸವನ್ನು ನೇರವಾಗಿ ಮೋಹನದ ಗೀತೆಯಿಂದ ಆರಂಭಿಸಿ.

ಉತ್ತರ 2 (ಪೂರ್ವ ಕೆಂಟಕಿಯಿಂದ)

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೂ ತೊಡೆಯ ಡಲ್ಸಿಮರ್‌ನ ಪರವಾಗಿ ಒಂದೆರಡು ಮಾತು ಹೇಳದೆ ಇರಲಾರೆ. ನಾನು ಇರುವ ಕಡೆಗೆ ಹತ್ತಿರದ ನಾಟ್ ಕೌಂಟಿಯಲ್ಲಿ ಜೆ. ಎಡ್ವರ್ಡ್ ಥಾಮಸ್ 1871ರಿಂದ ನಡು ಸಣ್ಣಗಿರುವ, ಮರಳು ಗಡಿಯಾರದ ಆಕಾರದ ಡಲ್ಸಿಮರ್‌ಗಳನ್ನು ಮಾಡಿ ಮಾರುತ್ತಿದ್ದರು. ಕೆಂಟಕಿಯ ವೈಪರ್ ಎಂಬ ಊರಿನ ಜೀನ್ ರಿಚಿ ತಮ್ಮ ಮನೆಯ ಹಾಡುಗಳೊಂದಿಗೆ ಅದನ್ನು ನ್ಯೂಯಾರ್ಕಿಗೆ ಒಯ್ದು ಹೊರಗಿನವರಿಗೆ ಪರಿಚಯಿಸಿದರು. ಆ ಅಗಲವಾದ ಮೈ ಕೊಡುವ ತುಂಬುನಾದ, ಮೀಟಿದ ಮೇಲೆ ತಡೆದು ನಿಲ್ಲುವ ಗುಂಗು, ಕೋಲಿನಂತಹ ಚಿಕ್ಕ ವಾದ್ಯಕ್ಕೆ ಬರುವುದಿಲ್ಲ. ಸ್ಮೋಕಿ ಬೆಟ್ಟಗಳಲ್ಲಿ ನೀವು ಕೇಳಿ ಮರುಳಾದದ್ದು ಆ ನಾದವಾದ್ದರಿಂದ, ಎರಡನ್ನೂ ಒಂದೇ ದಿನ ಕೇಳಿ ನೋಡಿದ ಮೇಲೆಯೇ ಹಣ ಕೊಡಿ.

ಆದರೂ ಹೊಸಬರ ಕೈಗೆ ಚಿಕ್ಕದರಲ್ಲಿ ಒಂದು ಅನುಕೂಲವಿದೆ. ತೊಡೆಯ ವಾದ್ಯದಲ್ಲಿ ತಂತಿಯ ಮಿಡಿಯುವ ಭಾಗದ ಉದ್ದ ಸಾಮಾನ್ಯವಾಗಿ 27ರಿಂದ 29 ಅಂಗುಲ ಇರುವುದರಿಂದ ಮೊದಲ ಮೂರು ಫ್ರೆಟ್‌ಗಳ ನಡುವೆ ಬೆರಳುಗಳನ್ನು ಬಹಳ ಅಗಲಿಸಬೇಕಾಗುತ್ತದೆ. ಗಿಟಾರಿನಂತೆ ಹಿಡಿಯುವ ಬಗೆಯಲ್ಲಿ ಅಂತರ ಕಿರಿದು, ಹೆಬ್ಬೆರಳು ಕತ್ತಿನ ಹಿಂದೆ ಆಸರೆಯಾಗಿರುತ್ತದೆ.

ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ. ತಂತಿಯನ್ನು ತೆರೆದು ಮೀಟಿ, ಆಮೇಲೆ ಸರಿಯರ್ಧದ ಫ್ರೆಟ್‌ನಲ್ಲಿ ಒತ್ತಿ ಮೀಟಿ. ಎರಡನೆಯದು ಶುದ್ಧವಾದ ತಾರಷಡ್ಜವಾಗಿ ಕೇಳಿಸಬೇಕು. ಸ್ವಲ್ಪವಾದರೂ ಏರಿದ್ದರೆ ತಂತಿ ಬಹಳ ಎತ್ತರದಲ್ಲಿದೆ, ಇಲ್ಲವೇ ಕುದುರೆ, ಅಂದರೆ ತಂತಿಗಳನ್ನು ಹೊತ್ತಿರುವ ತುಂಡು, ತಪ್ಪಾದ ಜಾಗದಲ್ಲಿದೆ ಎಂದು ತಿಳಿಯಬೇಕು. ನಾನು ಮೊದಲು ಕೊಂಡ ಅಗ್ಗದ ವಾದ್ಯದಲ್ಲಿ ಈ ದೋಷವಿತ್ತು. ಅದು ಗೊತ್ತಿಲ್ಲದೆ ನನ್ನ ಕಿವಿಯೇ ಸರಿಯಿಲ್ಲವೆಂದು ತಿಂಗಳುಗಟ್ಟಲೆ ಕೊರಗಿದೆ. ಹಾಗೆಯೇ ಬರಿಯ ಮರದ ಬಿರಡೆಗಳನ್ನು ಬಿಟ್ಟು ಹಲ್ಲಿನ ಚಕ್ರವಿರುವ ಬಿರಡೆಗಳನ್ನೇ ಆರಿಸಿ, ಮತ್ತು ತಂತಿಯ ತುದಿಯಲ್ಲಿ ಗುಂಡು ಇದೆಯೋ ಕುಣಿಕೆ ಇದೆಯೋ ಎಂದು ನೋಡಿಕೊಳ್ಳಿ. ಗುಂಡಿನ ತಂತಿಯಾದರೆ ಗಿಟಾರಿನ ಬಿಡಿ ತಂತಿಯೇ ಸಾಕಾಗುತ್ತದೆ, ಮೈಸೂರಿನಲ್ಲೂ ಸಿಗುತ್ತದೆ.

ಇಂಟರ್‌ನೆಟ್‌ನಲ್ಲಿ ಹುಡುಕುವಾಗಲೂ ಎಚ್ಚರವಿರಲಿ: ಕೋಲುಗಳಿಂದ ಬಡಿದು ನುಡಿಸುವ, ನಮ್ಮ ಸಂತೂರಿಗೆ ಹತ್ತಿರವಾದ ಬೇರೊಂದು ವಾದ್ಯಕ್ಕೂ ಡಲ್ಸಿಮರ್ ಎಂದೇ ಹೆಸರು.

ಪ್ರಶ್ನೆ ಕೇಳಿದವರ ಮರುಮಾತು

ಇಬ್ಬರಿಗೂ ಮನಃಪೂರ್ವಕ ಕೃತಜ್ಞತೆಗಳು. ಶನಿವಾರ ಅಂಗಡಿಗೆ ಹೋಗಿ ಎರಡು ಗಂಟೆ ಕಳೆದೆ. ತೊಡೆಯ ಡಲ್ಸಿಮರ್‌ನ ನಾದ ದೊಡ್ಡದೆಂಬುದು ನಿಜ, ಆದರೆ ಅದರ ಮೇಲೆ ಬಾಗಿ ನುಡಿಸುತ್ತ ಹಾಡಲು ಹೋದಾಗ ನನ್ನ ಉಸಿರು ಹಿಡಿಯಿತು. ಅಲ್ಲಿಯೇ ಇದ್ದ, ಸ್ಥಳೀಯರೊಬ್ಬರು ಕೈಯಿಂದ ಮಾಡಿದ ಮೂರು ತಂತಿಯ, ಕೋಲಿನಾಕಾರದ ಚಿಕ್ಕ ಡಲ್ಸಿಮರ್‌ನಲ್ಲಿ ಎಂಟು ಫ್ರೆಟ್‌ಗಳನ್ನು ಎಣಿಸಿದೆ, ಅರ್ಧದ ಫ್ರೆಟ್‌ನಲ್ಲಿ ತಾರಷಡ್ಜ ಸರಿಯಾಗಿತ್ತು. ನಡುವಿನ ತಂತಿಯನ್ನು ಜಿ ಗೆ ಇಳಿಸಿ, ಮೂರನೆಯ ಫ್ರೆಟ್‌ನಲ್ಲಿ ಷಡ್ಜ ಹಿಡಿದು ಮೋಹನದ ಆರೋಹಣ ನುಡಿಸಿದಾಗ ಧ್ವನಿಯೂ ತಂತಿಯೂ ಕೂಡಿಕೊಂಡವು. ಅದನ್ನೇ ತಂದಿದ್ದೇನೆ. ಗಮಕಕ್ಕಾಗಿ ತಂತಿಯನ್ನು ವೀಣೆಯಲ್ಲಿ ಎಳೆದಂತೆ ಪಕ್ಕಕ್ಕೆ ಎಳೆಯಬಹುದೇ?

ಉತ್ತರ 1 (ವೀಣೆಯ ವಿದ್ಯಾರ್ಥಿ)

ಬಹಳ ಸಂತೋಷ. ತೆಳು ತಂತಿಯನ್ನು ಅರ್ಧ ಸ್ವರದಷ್ಟು ಎಳೆಯಬಹುದು, ಅದಕ್ಕಿಂತ ಹೆಚ್ಚು ಬೇಡ. ಮೊದಲ ತಿಂಗಳು ಬೆರಳನ್ನು ಎತ್ತದೆ ಒಂದು ಫ್ರೆಟ್‌ನಿಂದ ಮುಂದಿನದಕ್ಕೆ ಜಾರಿಸುವುದನ್ನೇ ಅಭ್ಯಾಸ ಮಾಡಿ. ಮೋಹನದ ಗಾಂಧಾರದಿಂದ ಪಂಚಮಕ್ಕೆ ಹಾಗೆ ಜಾರಿ ಹೋಗುವುದು ಈ ವಾದ್ಯದಲ್ಲಿ ಬಹಳ ಚೆನ್ನಾಗಿ ಬರುತ್ತದೆ.