ಬೋರ್ಡಿಗೆ ಪದ ಬೇಕು: ಮಾದಕ ವಸ್ತುಗಳ ‘ಸ್ವಾಧೀನ’ವೋ, ‘ವಶ’ವೋ?

ಧಾರವಾಡದ ನಮ್ಮ ಹಾಸ್ಟೆಲ್ ಗೇಟಿಗೆ ಬೋರ್ಡ್ ಬರೆಸಬೇಕು. ನಾಳೆ ಬೆಳಗ್ಗೆಯೇ ಪೇಂಟರ್ ಬರುತ್ತಾರೆ. ‘ಪೊಸೆಷನ್’ ಎಂಬುದಕ್ಕೆ ‘ಮಾದಕ ವಸ್ತುಗಳ ಸ್ವಾಧೀನ ಅಪರಾಧ’ ಎಂದು ಬರೆದೆ. ಹುಡುಗರಿಗೆ ಅರ್ಥ ಆಗಲಿಲ್ಲ. ಒಬ್ಬನಂತೂ, ಒಂದು ಕಿಲೋ ಒಳಗೆ ಗಾಂಜಾ ಇದ್ದರೆ ನಡೆಯುತ್ತೆ ಅಲ್ವಾ ಸರ್ ಎಂದ. ದಯವಿಟ್ಟು ಬೇಗ ತಿಳಿಸಿ.

ಉತ್ತರ:
ಸರ್, ‘ಸ್ವಾಧೀನ’ ಬೇಡವೇ ಬೇಡ. ನಮ್ಮ ಕಡೆ ಆ ಪದ ಕಂಡರೆ ಹೊಲ ಹೋಗುವ ನೋಟಿಸ್ ನೆನಪಾಗುತ್ತದೆ. ‘ವಶ’ವೂ ಬೇಡ. ಪೇಪರಿನಲ್ಲಿ ‘ಗಾಂಜಾ ವಶ’ ಅಂದರೆ ಪೊಲೀಸರು ಹಿಡಿದರು ಎಂದೇ ಓದುತ್ತೇವೆ. ‘ಇಟ್ಟುಕೊಳ್ಳುವುದು’ ಎಂದು ಬರೆಸಿ. ಆ ‘ಕೊಳ್ಳು’ವಿನಲ್ಲಿ ಗೊತ್ತಿದ್ದು ಇಟ್ಟದ್ದು ಎಂಬುದೂ ಬಂತು. ಮಾದಕ ವಸ್ತುಗಳ ಮೇಲಿನ 1985ರ ಕೇಂದ್ರ ಕಾನೂನಾದ ಎನ್‌ಡಿಪಿಎಸ್ ಕಾಯ್ದೆಯ ಕೇಸುಗಳಲ್ಲಿ ಕೋರ್ಟ್ ನೋಡುವುದೂ ಅದನ್ನೇ. ಆದರೆ ಮಾಲು ಅವನ ಹತ್ತಿರ ಸಿಕ್ಕಿತು ಎಂದು ಸಾಬೀತಾದರೆ, ನನಗೆ ಗೊತ್ತಿರಲಿಲ್ಲ ಎಂದು ತೋರಿಸುವ ಹೊಣೆ ಆರೋಪಿಯದು. ಗೆಳೆಯನ ಬ್ಯಾಗ್ ಸುಮ್ನೆ ರೂಮಿನಲ್ಲಿ ಇಟ್ಟುಕೊಳ್ಳುವ ಹುಡುಗರಿಗೆ ಇದನ್ನು ಬಿಡಿಸಿ ಹೇಳಿ.

ಒಂದು ಗ್ರಾಂ ಇದ್ದರೂ ಅಪರಾಧವೇ. ತೂಕ ನೋಡಿ ಶಿಕ್ಷೆ ಹೆಚ್ಚು ಕಡಿಮೆ ಆಗುತ್ತದೆ, ಅಷ್ಟೇ. ಗಾಂಜಾ 1 ಕಿಲೋಗಿಂತ ಕಡಿಮೆ ಇದ್ದರೆ 1 ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 20 ಕಿಲೋ ದಾಟಿದರೆ ಕನಿಷ್ಠ 10 ವರ್ಷ.

ಇನ್ನೊಬ್ಬರು:
‘ಮಾದಕ’ ಸಂಸ್ಕೃತ. ಕನ್ನಡದ ಬೋರ್ಡಿಗೆ ಅದೇಕೆ? ‘ಅಮಲು ಸರಕು’ ಎಂದು ಬರೆಸಿ. ಸಾಲ ತಂದ ಪದಗಳಿಂದಲೇ ಹುಡುಗರಿಗೆ ತಿಳಿಯದಂತಾಗಿದೆ.

ಮೊದಲು ಉತ್ತರಿಸಿದವರು:
‘ಅಮಲು’ ಅರಬ್ಬಿಯಿಂದ ಬಂದದ್ದು ರೀ. ‘ಕಾಯ್ದೆ’ಯೂ ಅಲ್ಲಿಂದಲೇ. ಅದನ್ನೂ ಬಿಡೋಣವೇ? ಇಂಗ್ಲಿಷಿನ ಕಾಯ್ದೆಯೇ ನಮ್ಮ ಗಾಂಜಾ, ಚರಸ್ ಪದಗಳನ್ನು ಹಾಗೇ ತೆಗೆದುಕೊಂಡಿದೆ. ಜನರ ಬಾಯಲ್ಲಿರುವ ಪದಕ್ಕೆ ಕುಲ ಕೇಳಬಾರದು. ಮೇಲಾಗಿ ಅಮಲು ಅಂದರೆ ಸಾರಾಯಿಯೂ ಬಂತು. ಅದು ಅಬಕಾರಿ ಕಾಯ್ದೆಗೆ ಸೇರಿದ್ದು, ಇದಕ್ಕಲ್ಲ.

ಇನ್ನೊಂದು ಮಾತು. ಡ್ರಗ್ಸ್ ಎಂಬುದನ್ನು ‘ಔಷಧ’ ಎಂದು ಮಾತ್ರ ಮಾಡಬೇಡಿ. ಔಷಧ ಇಟ್ಟುಕೊಳ್ಳುವುದೇ ಅಪರಾಧ ಎಂದಾಗಿಬಿಡುತ್ತದೆ. ನೋವಿನ ಗುಳಿಗೆ ಟ್ರಮಡಾಲ್ 2018ರಿಂದ ಈ ಕಾಯ್ದೆಯೊಳಗಿದೆ. ಡಾಕ್ಟರ್ ಬರೆದುಕೊಟ್ಟು ತಂದರೆ ತಪ್ಪಿಲ್ಲ. ಚೀಟಿ ಇಲ್ಲದೆ ಇಟ್ಟುಕೊಂಡರೆ ಕೇಸು. ಪೇಂಟರ್‌ಗೆ ಹೀಗೆ ಕೊಡಿ:

‘ಗಾಂಜಾ, ಅಫೀಮು ಮುಂತಾದ ಮಾದಕ ವಸ್ತು ಇಟ್ಟುಕೊಳ್ಳುವುದು ಅಪರಾಧ. ಸ್ವಲ್ಪ ಇದ್ದರೂ ಜೈಲು ಆಗಬಹುದು.’