ಕಡಿದಷ್ಟೂ ಚಿಗುರುವ ಮುಳ್ಳಿನ ಗಿಡ: ಬನ್ನಿಯೋ, ಬಳ್ಳಾರಿ ಜಾಲಿಯೋ?

ಹಿತ್ತಲ ತೋಟ, ಗದಗ
ನಮ್ಮದು ಎರಿ ಮಣ್ಣಿನ ಹಿತ್ತಲು. ಎರಡು ವರ್ಷದ ಹಿಂದೆ ಕುರಿ ಗೊಬ್ಬರ ಹಾಕಿಸಿದ ಮೇಲೆ ಲಿಂಬೆ, ಕರಿಬೇವಿನ ಸಾಲಿನಲ್ಲಿ ಮುಳ್ಳಿನ ಗಿಡ ಎದ್ದಿವೆ. ದೊಡ್ಡದು ಎದೆಯೆತ್ತರ ಇದೆ, ಬುಡ ಮುಂಗೈ ದಪ್ಪ. ಎರಡು ಸಲ ನೆಲಕ್ಕೆ ಸಮ ಕಡಿಸಿದೆವು, ತಿಂಗಳೊಳಗೆ ಒಂದರ ಜಾಗದಲ್ಲಿ ಏಳೆಂಟು ಚಿಗುರು ಬಂದವು. ಮನೆಯ ಹಿರಿಯರು ಬನ್ನಿ ಇರಬಹುದು, ಮುಟ್ಟಬೇಡಿ ಎನ್ನುತ್ತಾರೆ. ಬನ್ನಿಯಾದರೆ ಒಂದನ್ನು ಉಳಿಸಿಕೊಳ್ಳುತ್ತೇವೆ, ಅಲ್ಲವಾದರೆ ಪೂರ್ತಿ ಹೋಗಬೇಕು. ಬುಡಕ್ಕೆ ಉಪ್ಪು ಸುರಿಯಿರಿ ಎಂದೂ ಒಬ್ಬರು ಹೇಳಿದರು. ಸುರಿಯಬಹುದೇ?

ಕಸಿಮನೆ, ಧಾರವಾಡ
ಉಪ್ಪು ಮಾತ್ರ ಹಾಕಬೇಡಿ. ಬಳ್ಳಾರಿ ಜಾಲಿ ಸವಳು ನೆಲದಲ್ಲೂ ಬೆಳೆಯುವ ಗಿಡ, ಉಪ್ಪಿಗೆ ಅದು ಬಗ್ಗುವುದಿಲ್ಲ. ಮೊದಲು ಸಾಯುವುದು ನಿಮ್ಮ ಲಿಂಬೆ. ಎರಿ ಮಣ್ಣಿಗೆ ಸೋಡಿಯಂ ಸೇರಿದರೆ ಹೆಂಟೆಯ ಕಟ್ಟು ಒಡೆದು ಮೇಲ್ಮಣ್ಣು ಹೆಪ್ಪುಗಟ್ಟುತ್ತದೆ, ನೀರು ಇಂಗುವುದೇ ನಿಲ್ಲುತ್ತದೆ. ಆಮೇಲೆ ಸರಿಪಡಿಸಲು ವರ್ಷಗಟ್ಟಲೆ ಬೇಕು.

ಗುರುತಿಗೆ ಮೊದಲು ಮುಳ್ಳು ನೋಡಿ. ಎಲೆ ಹುಟ್ಟುವ ಗಿಣ್ಣಿನಲ್ಲೇ, ಹೆಚ್ಚಾಗಿ ಜೋಡಿಯಾಗಿ, ನೆಟ್ಟಗೆ, ಒಂದರಿಂದ ಐದು ಸೆಂಟಿಮೀಟರ್ ಉದ್ದದ ಮುಳ್ಳಿದ್ದು ಕೊಂಬೆ ಗಿಣ್ಣಿನಿಂದ ಗಿಣ್ಣಿಗೆ ಅಂಕುಡೊಂಕಾಗಿದ್ದರೆ ಬಳ್ಳಾರಿ ಜಾಲಿ. ಬನ್ನಿಯ ಮುಳ್ಳು ಗಿಡ್ಡ, ಬುಡ ಅಗಲ, ಗಿಣ್ಣು ಬಿಟ್ಟು ಗಿಣ್ಣಿನ ನಡುವೆ ಚೆದುರಿ ಇರುತ್ತದೆ. ಕೆಲವು ಊರುಗಳಲ್ಲಿ ಬನ್ನಿ ಎಂದು ಪೂಜಿಸುವ ಇನ್ನೊಂದು ಮರವಿದೆ, ಅದರ ಮುಳ್ಳು ಗಿಳಿಯ ಕೊಕ್ಕಿನಂತೆ ಬಾಗಿರುತ್ತದೆ. ಎರಡರಲ್ಲೂ ಉದ್ದನೆಯ ನೇರ ಮುಳ್ಳಿಲ್ಲ. ಎಲೆಯೊಂದನ್ನೇ ನೋಡಿ ತೀರ್ಮಾನ ಮಾಡಬೇಡಿ, ಚಿಕ್ಕ ಗಿಡದಲ್ಲಿ ಬನ್ನಿಗೂ ಜಾಲಿಗೂ ಎಲೆ ಹತ್ತಿರ ಹತ್ತಿರ ಕಾಣುತ್ತವೆ.

ಕರಿಜಾಲಿಗೂ ಗಿಣ್ಣಿನಲ್ಲಿ ಜೋಡಿ ಮುಳ್ಳಿರುತ್ತದೆ. ಆದರೆ ಅದರ ಹೂ ಹಳದಿ ಗುಂಡು, ಕಾಯಿ ಮಣಿ ಪೋಣಿಸಿದಂತೆ. ಬಳ್ಳಾರಿ ಜಾಲಿಯ ಹೂ ಬೆರಳುದ್ದದ ತೆನೆ, ಕಾಯಿ ಚಪ್ಪಟೆ, ಹಣ್ಣಾದಾಗ ಹಳದಿ, ಒಳಗೆ ಸಿಹಿ ತಿರುಳು. ಆ ಸಿಹಿಗೆ ಕುರಿ, ಮೇಕೆ ತಿನ್ನುತ್ತವೆ, ಗಟ್ಟಿ ಬೀಜ ಹಾಗೇ ಹಿಕ್ಕೆಯಲ್ಲಿ ಹೊರಬರುತ್ತದೆ. ಗೊಬ್ಬರ ಹಾಕಿದ ಕಡೆಯೇ ಎದ್ದಿವೆ ಎಂದಿರಿ, ನನ್ನ ಅನುಮಾನ ಜಾಲಿಯ ಮೇಲೆಯೇ.

ಮಸಾರಿ ಹೊಲ, ಹಾವೇರಿ
ನೆಲಕ್ಕ ಸಮ ಕಡಿಸಿದ್ದ ತಪ್ಪಾಗೇತ್ರಿ. ಜಾಲಿ ಚಿಗುರೊಡಿಯೋ ಕಣ್ಣು ಇರೋದು ಬುಡದ ಗಂಟಿನ್ಯಾಗ, ಅದೂ ನೆಲದ ಕೆಳಗ. ಮ್ಯಾಲೆ ಕಡದಷ್ಟೂ ಆ ಕಣ್ಣು ಏಳತಾವ. ಬೆಂಕಿ ಹಚ್ಚಿದ್ರೂ ಅಷ್ಟ.

ಒಣ ಎರಿ ಕಲ್ಲಿನಂಗ ಇರತೈತಿ, ಹಾರಿ ಇಳಿಯಂಗಿಲ್ಲ. ರೋಹಿಣಿ ಮಳಿ ಆಗಿ ಮೂರ್ನಾಲ್ಕು ದಿನಕ್ಕ ಹಿಡೀರಿ. ತೀರಾ ಹಸಿ ಇದ್ರ ಸಲಿಕಿಗೆ ಮಣ್ಣು ಮೆತ್ತತೈತಿ. ಮಳಿ ಕಾಯಾಕ ಆಗದಿದ್ರ ಬುಡದ ಸುತ್ತ ಮಡಿ ಕಟ್ಟಿ, ಎರಡು ದಿನ ಮೊದಲ ನಾಲ್ಕೈದು ಕೊಡ ನೀರು ಬಿಡ್ರಿ.

ಕಡಿಯದ ಗಿಡ ಇದ್ರ ಕೊಂಬಿ ಅಷ್ಟ ತಗೀರಿ, ಕಾಂಡ ಮೂರು ಅಡಿ ಇರಲಿ. ಅದು ಮುಂದ ಜಗ್ಗಾಕ ಹಿಡಿಕಿ ಆಗತೈತಿ. ಬುಡದಿಂದ ಒಂದೂವರೆ ಅಡಿ ದೂರ ಸುತ್ತ ಅಗದು, ಅಡ್ಡ ಬೇರು ಕಡದು, ಗಂಟು ಪೂರಾ ಕಾಣೂವಂಗ ಮಣ್ಣು ಬಿಡಿಸ್ರಿ. ಒಂದು ಅಡಿಗೂ ಸ್ವಲ್ಪ ಕೆಳಗ ಹೋಗಿ, ಗಂಟು ಮುಗದು ಬರೇ ತಾಯಿಬೇರು ಉಳದಲ್ಲಿ ಕತ್ತರಿಸ್ರಿ. ಗರಗಸ ಹಚ್ಚೋದಾದ್ರ ಬೇರಿಗೆ ನೀರು ಹಾಕಿ ಮಣ್ಣು ತೊಳೀರಿ, ಇಲ್ಲಂದ್ರ ಹಲ್ಲು ಒಂದ ಗಿಡಕ್ಕ ಮೊಂಡ. ಆಮ್ಯಾಲೆ ಹಾರಿ ಕೊಟ್ಟು ಎಬ್ಬಿಸ್ರಿ. ಕೆಳಗ ಉಳದ ಬೇರಿನ ಬೆನ್ನು ಹತ್ತಬ್ಯಾಡ್ರಿ, ಅದರಾಗ ಕಣ್ಣಿಲ್ಲ. ಕಡಿಸಿದ ಗಿಡದ್ದು ಗಂಟು ದಪ್ಪಾಗಿರತೈತಿ, ಅದಕ್ಕ ಸುತ್ತ ಎರಡು ಅಡಿ ಬಿಟ್ಟು ಶುರು ಮಾಡ್ರಿ.

ಹಿತ್ತಲ ತೋಟ, ಗದಗ
ನೋಡಿದೆವು. ಮುಳ್ಳು ಗಿಣ್ಣಿನಲ್ಲೇ ಜೋಡಿ, ಉದ್ದವಾದದ್ದು ನಾಲ್ಕು ಸೆಂಟಿಮೀಟರ್. ಒಣಗಿದ ಚಪ್ಪಟೆ ಕಾಯಿಯೂ ಸಿಕ್ಕಿತು. ಒಂದು ಗಿಡ ಕಂಪೌಂಡ್ ಗೋಡೆಗೆ ಅಂಟಿಕೊಂಡಿದೆ, ಸುತ್ತ ಅಗೆಯಲಾಗದು. ಅದಕ್ಕೆ ಗ್ಲೈಫೋಸೇಟ್ ಕಳೆನಾಶಕ ಹಚ್ಚಬಹುದೇ? ಅದೇ ಗೊಬ್ಬರ ಇನ್ನೂ ಅರ್ಧ ಟ್ರ್ಯಾಕ್ಟರ್ ಉಳಿದಿದೆ.

ಕಸಿಮನೆ, ಧಾರವಾಡ
ಹಾಗಾದರೆ ಬಳ್ಳಾರಿ ಜಾಲಿಯೇ. ಹೆಸರಿನಲ್ಲಿ ಬಳ್ಳಾರಿ ಇದ್ದರೂ ಅದರ ತವರು ಅಮೆರಿಕ ಖಂಡ. ಹಿರಿಯರಿಗೆ ಮುಳ್ಳಿನ ಈ ವ್ಯತ್ಯಾಸ ಕೈಯಲ್ಲಿಟ್ಟು ತೋರಿಸಿ, ಅವರ ಮನಸ್ಸಿಗೂ ಸಮಾಧಾನವಾಗಲಿ. ದಸರೆಗೆ ಬನ್ನಿ ಬೇಕಿದ್ದರೆ ನರ್ಸರಿಯಿಂದ ಸಸಿ ತಂದು ಬೇರೆ ಜಾಗದಲ್ಲಿ ನೆಡಿ.

ಗ್ಲೈಫೋಸೇಟ್ ಬೇಡ. 2022ರ ಅಕ್ಟೋಬರ್‌ನಲ್ಲಿ ಹೊರಟ ಕೇಂದ್ರದ ಅಧಿಸೂಚನೆ ಅದರ ಬಳಕೆಯನ್ನು ಕೀಟ ನಿಯಂತ್ರಣವನ್ನೇ ವೃತ್ತಿಯಾಗಿ ಮಾಡುವವರಿಗೆ ಸೀಮಿತಗೊಳಿಸಿತ್ತು. ಮೇಲಾಗಿ ಒಂದು ಹನಿ ಕರಿಬೇವಿನ ಚಿಗುರಿಗೆ ಸಿಡಿದರೂ ಅದು ಮುರುಟುತ್ತದೆ. ಗೋಡೆಯ ಗಿಡಕ್ಕೆ ಒಂದೇ ಬದಿಯಿಂದ ಕಿರಿದಾಗಿ ಅಗೆದು, ಕೈಗರಗಸದಿಂದ ಗಂಟಿನ ಕೆಳಗೆ ಕೊಯ್ಯಿರಿ. ಅಡಿಪಾಯದ ಕೆಳಗಿನ ಮಣ್ಣು ತೆಗೆಯಬೇಡಿ. ಗಂಟು ಅಡಿಪಾಯದೊಳಗೆ ಹೊಕ್ಕಿದ್ದರೆ, ಬಂದ ಚಿಗುರನ್ನು ಬೆರಳುದ್ದ ಇರುವಾಗಲೇ ಬುಡಸಮೇತ ಕಿತ್ತು ತೆಗೆಯಿರಿ. ಕುಡುಗೋಲಿನಿಂದ ಕೊಯ್ದರೆ ಕಣ್ಣು ಉಳಿಯುತ್ತದೆ. ಹದಿನೈದು ದಿನಕ್ಕೊಮ್ಮೆ, ತಪ್ಪದೆ. ಎಲೆ ಬಲಿತು ಬೇರಿಗೆ ಆಹಾರ ಇಳಿಯದಂತೆ ನೋಡಿಕೊಂಡರೆ ಗಂಟು ಸೊರಗುತ್ತದೆ. ವರ್ಷವೂ ಹಿಡಿಯಬಹುದು, ನಡುವೆ ಒಂದು ತಿಂಗಳು ಮರೆತರೆ ಮತ್ತೆ ಮೊದಲಿನಿಂದ.

ಉಳಿದ ಗೊಬ್ಬರವನ್ನು ಗೇಣು ದಪ್ಪ ಹರವಿ, ನೀರು ಚಿಮುಕಿಸುತ್ತಿರಿ. ಮೊಳೆತದ್ದನ್ನು ಕಿತ್ತು, ಮಗುಚಿ, ಮತ್ತೆ ನೀರು ಹಾಕಿ. ಮೂರು ಸಲ ಹೀಗೆ ಮಾಡಿದ ಮೇಲೂ ಎಲ್ಲ ಬೀಜ ಮೊಳೆಯುವುದಿಲ್ಲ, ಸಿಪ್ಪೆ ಅಷ್ಟು ಗಟ್ಟಿ. ಆದ್ದರಿಂದ ಆ ಗೊಬ್ಬರವನ್ನು ದಿನಾ ಕಣ್ಣಿಗೆ ಬೀಳುವ ಮಡಿಗೆ ಮಾತ್ರ ಹಾಕಿ. ಸಸಿ ನಾಲ್ಕು ಬೆರಳು ಇರುವಾಗ ಹಸಿ ಮಣ್ಣಿನಲ್ಲಿ ಕೈಯಿಂದಲೇ ಬರುತ್ತದೆ. ಮೊಣಕಾಲೆತ್ತರ ಬಂದರೆ ಮತ್ತೆ ಹಾರೆ ಬೇಕು.

ಮಸಾರಿ ಹೊಲ, ಹಾವೇರಿ
ಕಡದ ಕೊಂಬಿ ಹಿತ್ತಲದಾಗ ಎಳದಾಡಬ್ಯಾಡ್ರಿ, ಮುರದ ಮುಳ್ಳು ಒಣಗಿದ ಮ್ಯಾಲೂ ಹವಾಯಿ ಚಪ್ಪಲ್ ದಾಟಿ ಕಾಲಿಗೆ ಹೋಗತೈತಿ. ಕಡದಲ್ಲೇ ಗೋಣಿ ಚೀಲದ ಮ್ಯಾಲೆ ಪೇರಿಸಿ ಸುತ್ತಿ ಒಯ್ರಿ. ದಪ್ಪ ಶೂ, ತೊಗಲಿನ ಕೈಗವಸು, ಕನ್ನಡಕ ಬೇಕ ಬೇಕು, ಕೊಂಬಿ ತಿರುಗಿ ಬಡಿಯೋದು ಕಣ್ಣಿಗೇ. ಮುಳ್ಳು ಒಳಗ ಮುರದು ಬಾವು ಬಂದ್ರ ದವಾಖಾನಿಗೆ ಹೋಗ್ರಿ, ಟಿಟಿ ಇಂಜೆಕ್ಷನ್ ಹಾಕಿಸಿ ಎಷ್ಟು ವರ್ಷ ಆತು ಅನ್ನೋದೂ ಹೇಳ್ರಿ. ದಪ್ಪ ಕಟಗಿ ಒಲಿಗೆ ಛಲೋ ಉರಿತೈತಿ. ಕಾಯಿ ಇದ್ದ ಕೊಂಬಿ ಮಾತ್ರ ಬೇಲಿಗೆ ಹಚ್ಚಬ್ಯಾಡ್ರಿ.