ಪದಚರ್ಚೆ: ಸಿ.ಟಿ. ವರದಿಯ ‘ಗ್ರೌಂಡ್ ಗ್ಲಾಸ್’ ಮಬ್ಬೋ, ಮುಸುಕೋ?

ಗೆಳೆಯರೇ,

ಶ್ವಾಸಕೋಶದ ಕ್ಯಾನ್ಸರ್ ಸಿ.ಟಿ. ಸ್ಕ್ಯಾನಿನಲ್ಲಿ ಹೇಗೆ ಕಾಣುತ್ತದೆ ಎಂದು ರೋಗಿಯ ಮನೆಯವರಿಗೆ ತಿಳಿಯುವ ಹಾಗೆ ಬರೆಯುತ್ತಿದ್ದೇನೆ. ಅಡಿನೋಕಾರ್ಸಿನೋಮಾ, ಸ್ಕ್ವೇಮಸ್ ಸೆಲ್, ಸ್ಮಾಲ್ ಸೆಲ್ ಎಂಬ ಈ ಕ್ಯಾನ್ಸರಿನ ಬಗೆಗಳ ಹೆಸರುಗಳನ್ನು ಹಾಗೇ ಇಟ್ಟಿದ್ದೇನೆ. ಬಯಾಪ್ಸಿ ವರದಿಯಲ್ಲಿ ಅವರು ಓದುವುದು ಅದನ್ನೇ ಅಲ್ವಾ? ತೊಡಕು ಇರುವುದು ಕಣ್ಣಿಗೆ ಕಾಣುವ ರೂಪಗಳಿಗೆ ಪದ ಹುಡುಕುವಲ್ಲಿ.

ಜಾಸ್ತಿ ಕಾಡಿದ್ದು ಗ್ರೌಂಡ್ ಗ್ಲಾಸ್. ಇಲ್ಲಿ ಗ್ರೌಂಡ್ ಅಂದರೆ ನೆಲ ಅಲ್ಲ, ಉಜ್ಜಿದ್ದು. ಬಚ್ಚಲುಮನೆ ಕಿಟಕಿಗೆ ಹಾಕುವ ಮಂಕು ಗಾಜಿನಂಥದ್ದು. ಗಾಳಿ ತುಂಬಿದ ಶ್ವಾಸಕೋಶ ಸ್ಕ್ಯಾನಿನಲ್ಲಿ ಕಪ್ಪಗೆ ಕಾಣುತ್ತದೆ. ಅದರಲ್ಲಿ ಒಂದು ಕಡೆ ತುಸು ಬೆಳ್ಳಗಾಗಿದ್ದು, ಅಲ್ಲಿನ ರಕ್ತನಾಳಗಳು ಇನ್ನೂ ಕಾಣುತ್ತಿದ್ದರೆ ಅದು ಗ್ರೌಂಡ್ ಗ್ಲಾಸ್. ನಾಳಗಳೂ ಮುಚ್ಚಿಹೋದರೆ ಅದಕ್ಕೆ ಕನ್ಸಾಲಿಡೇಷನ್ ಅನ್ನುತ್ತಾರೆ. ಹಾಗಾಗಿ ‘ಹಿಂದಿನದು ಕಾಣುತ್ತದೆ’ ಅನ್ನುವ ಅರ್ಥ ಪದದಲ್ಲಿ ಉಳಿಯಲೇಬೇಕು.

‘ಮಬ್ಬು’ ಅಂದರೆ ಮಬ್ಬುಗತ್ತಲೆ ನೆನಪಾಗುತ್ತದೆ. ‘ನೆರಳು’ ಅಂದರೂ ಕಪ್ಪೇ. ಇಲ್ಲಿ ಆಗಿರುವುದು ಅದರ ಉಲ್ಟಾ. ನನ್ನ ಒಲವು ‘ತೆಳು ಮುಸುಕು’ ಕಡೆಗೆ. ಬರೀ ‘ಮುಸುಕು’ ಅಂದರೆ ಮುಖವೇ ಮುಚ್ಚಿಹೋಗುತ್ತದೆ!

ಈ ಪದಕ್ಕೆ ಇಷ್ಟು ಜಗ್ಗಾಡಲು ಕಾರಣವಿದೆ. ಅಡಿನೋಕಾರ್ಸಿನೋಮಾ ಹೆಚ್ಚಾಗಿ ಶ್ವಾಸಕೋಶದ ಹೊರ ಅಂಚಿನ ಕಡೆ ಬರುತ್ತದೆ. ಶುರುವಿನಲ್ಲಿ ಕೆಲವೊಮ್ಮೆ ಬರೀ ಈ ಮುಸುಕಾಗಿಯೇ ಇರುತ್ತದೆ. ಆದರೆ ಸೋಂಕಿನಲ್ಲೂ, ಒಳಗೆ ರಕ್ತ ಒಸರಿದಾಗಲೂ ಇದೇ ನೋಟ. ಆದ್ದರಿಂದ ಕೇಳಿದ ಕೂಡಲೇ ಎದೆ ಝಲ್ಲೆನ್ನುವ ಪದ ಬೇಡ.

ನೋಡ್ಯೂಲ್, ಮಾಸ್ ಎರಡಕ್ಕೂ ಅಳತೆಯ ಗೆರೆ ಇದೆ. 3 ಸೆಂ.ಮೀ. ವರೆಗೆ ನೋಡ್ಯೂಲ್, ಅದನ್ನು ದಾಟಿದರೆ ಮಾಸ್. ‘ಗಂಟು’, ‘ಗಡ್ಡೆ’ ಎಂದು ಹಂಚಿಕೊಟ್ಟೆ. ಆದರೆ ಲಿಂಫ್ ನೋಡ್‌ಗೂ (ಸೋಂಕನ್ನು ಎದುರಿಸುವ, ಮೈಯಲ್ಲಿ ಮೊದಲೇ ಇರುವ ಸಣ್ಣ ಗ್ರಂಥಿ) ಜನ ಗಂಟು ಅಂತಲೇ ಅನ್ನುತ್ತಾರೆ. ಸ್ಮಾಲ್ ಸೆಲ್ ಬಗ್ಗೆ ಬರೆಯುವಾಗ ಇದು ದೊಡ್ಡ ಗೋಜಲು. ಅದು ಸಾಮಾನ್ಯವಾಗಿ ಎದೆಯ ನಡುಭಾಗದಲ್ಲಿ, ದೊಡ್ಡ ಶ್ವಾಸನಾಳಗಳ ಹತ್ತಿರ ಕಾಣುತ್ತದೆ. ಅಲ್ಲಿನ ಲಿಂಫ್ ನೋಡ್‌ಗಳು ಊದಿ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಯಾವ ಗಂಟು ಯಾವುದು ಎಂದು ಓದುಗ ಹೇಗೆ ತಿಳಿಯಬೇಕು? ‘ದುಗ್ಧಗ್ರಂಥಿ’ ಪಠ್ಯಪುಸ್ತಕದ ಪದ, ಬಾಯಲ್ಲಿ ಬರುವುದಿಲ್ಲ. ಸದ್ಯಕ್ಕೆ ‘ಲಿಂಫ್ ಗಂಟು’ ಅಂತ ಬರೆದಿದ್ದೇನೆ.

ಸ್ಕ್ವೇಮಸ್ ಸೆಲ್ ಕೂಡ ನಡುಭಾಗದಲ್ಲೇ ಹೆಚ್ಚು. ಗಡ್ಡೆಯ ಒಳಭಾಗ ಸತ್ತು ಕ್ಯಾವಿಟಿ ಆಗುವುದು ಇದರಲ್ಲಿ ಜಾಸ್ತಿ. ಅದಕ್ಕೆ ‘ಟೊಳ್ಳು’ ಸಾಕು. ‘ಕುಳಿ’ ಅಂದರೆ ಮೇಲಿನಿಂದ ಕಾಣುವ ತಗ್ಗು ಆಗಿಬಿಡುತ್ತದೆ. ಅಂಚಿನಿಂದ ಚೂಪು ಗೆರೆಗಳು ಹೊರಟ ಗಂಟಿಗೆ ‘ಮುಳ್ಳಂಚಿನ ಗಂಟು’ ಎಂದಿದ್ದೇನೆ. ಕ್ಯಾನ್ಸರಿನ ಅನುಮಾನ ಹೆಚ್ಚಿಸುವ ಗುರುತು ಅದು. ಇದನ್ನು ಬಿಟ್ಟುಕೊಡುವ ಮನಸ್ಸಿಲ್ಲ.

ಉಳಿದದ್ದು ಪಾರ್ಟ್ ಸಾಲಿಡ್. ಒಂದಿಷ್ಟು ಮುಸುಕು, ಒಂದಿಷ್ಟು ಗಟ್ಟಿ. ‘ಅರೆಗಟ್ಟಿ’ ಅಂದರೆ ಇಡೀ ಗಂಟೇ ಮೆತ್ತಗಿದೆ ಅನಿಸುತ್ತದೆ. ‘ನಡುಗಟ್ಟಿ’ ಅನ್ನೋಣವೆಂದರೆ ಗಟ್ಟಿ ಭಾಗ ಯಾವಾಗಲೂ ನಡುವೆಯೇ ಇರುವುದಿಲ್ಲ. ನಿಮ್ಮಲ್ಲಿ ಯಾರಿಗಾದರೂ ಬೇರೆ ಪದ ಹೊಳೆಯುತ್ತದೆಯೇ?